ಲಂಚ ಕೊಡದೆ ನಿಂತ ಟವರುಗಳು

ಕಾಂಗೊ ನದಿಯ ಒಂದು ದಡದಲ್ಲಿ ಕಿನ್ಶಾಸಾ, ಎದುರು ದಡದಲ್ಲಿ ಬ್ರಾಜಾವಿಲ್. ಎರಡೂ ರಾಜಧಾನಿಗಳೇ, ಆದರೆ ಬೇರೆ ಬೇರೆ ದೇಶದವು. ಈ ದಡದಲ್ಲಿ ನಿಂತರೆ ಆ ದಡದ ಕಟ್ಟಡಗಳು ಕಾಣುತ್ತವೆ. ಆದರೂ ಒಂದು ಕಾಲದಲ್ಲಿ ಇಲ್ಲಿಂದ ಅಲ್ಲಿಗೆ ಮಾಡಿದ ದೂರವಾಣಿ ಕರೆ ಉಪಗ್ರಹಕ್ಕೆ ಏರಿ, ಯುರೋಪಿನಲ್ಲಿ ಇಳಿದು, ಮತ್ತೆ ಆಫ್ರಿಕಾಕ್ಕೆ ಮರಳಬೇಕಿತ್ತು. ಎದುರು ದಡದ ಅಣ್ಣನ ಜೊತೆ ಎರಡು ಮಾತಾಡಲು ತಮ್ಮನು ಖಂಡಾಂತರ ಕರೆಯ ದರ ಕೊಡಬೇಕಿತ್ತು. ಸೆಲ್‌ಟೆಲ್ ಎಂಬ ಕಂಪನಿ ನದಿಗೆ ಅಡ್ಡವಾಗಿ ಮೈಕ್ರೋವೇವ್ ಸಂಪರ್ಕ ಕಟ್ಟಿದ ಮೇಲೆ ಆ ಕರೆ ನೇರವಾಗಿ ನೀರು ದಾಟಿತು.

ಈ ಕೆಲಸಕ್ಕೆ ಹೊಸ ಸಂಶೋಧನೆ ಬೇಕಿರಲಿಲ್ಲ. ಮೈಕ್ರೋವೇವ್ ಸಾಧನ ದಶಕಗಳಷ್ಟು ಹಳೆಯದು. ಆ ಎರಡು ಊರುಗಳ ಜನ ಮಾತಾಡಲು ಬಯಸುತ್ತಾರೆ, ಅದಕ್ಕೆ ಹಣವನ್ನೂ ಕೊಡುತ್ತಾರೆ ಎಂದು ಯಾರಾದರೂ ನಂಬಬೇಕಿತ್ತು, ಅಷ್ಟೇ. ಹಾಗೆ ನಂಬಿದವರು ಸುಡಾನ್ ಮೂಲದ ಎಂಜಿನಿಯರ್ ಮೊ ಇಬ್ರಾಹಿಂ. ಮೊಬೈಲ್ ಉದ್ಯಮದ ಚರಿತ್ರೆಯಲ್ಲಿ ಸಾಧನ ಕಂಡುಹಿಡಿದವರ ಹೆಸರುಗಳು ಹಲವು ಇವೆ. ಆ ಸಾಧನವನ್ನು ಬಡವರ ಕೈಗೆ ತಲುಪಿಸಿದವರ ಪಟ್ಟಿ ಮಾಡಿದರೆ ಇವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಲಂಚವಿಲ್ಲದೆ ಆಫ್ರಿಕಾದಲ್ಲಿ ಒಂದು ಹೆಜ್ಜೆಯೂ ಇಡಲಾಗದು ಎಂದು ವ್ಯಾಪಾರಿಗಳು ಸಲೀಸಾಗಿ ಹೇಳುತ್ತಿದ್ದ ದಿನಗಳಲ್ಲಿ ಅವರು ಲಂಚ ಕೊಡದೆ ಒಂದು ಖಂಡದ ತುಂಬ ಟವರು ನಿಲ್ಲಿಸಿದರು.

ನೈಲ್ ದಂಡೆಯಿಂದ ಬರ್ಮಿಂಗ್‌ಹ್ಯಾಮಿಗೆ

ಇಬ್ರಾಹಿಂ ಹುಟ್ಟಿದ್ದು 1946ರಲ್ಲಿ, ಸುಡಾನಿನ ನೂಬಿಯನ್ ಕುಟುಂಬದಲ್ಲಿ. ನೈಲ್ ನದಿಯ ದಂಡೆಗಳಲ್ಲಿ ಸಾವಿರಾರು ವರ್ಷ ಬಾಳಿದ ಸಮುದಾಯ ಅದು. ಅಸ್ವಾನ್ ಅಣೆಕಟ್ಟೆ ಎದ್ದಾಗ ಅವರ ಊರುಗಳು ಮುಳುಗಿದವು. ಇಬ್ರಾಹಿಂ ಇನ್ನೂ ಚಿಕ್ಕವರಿದ್ದಾಗಲೇ ಕುಟುಂಬ ಈಜಿಪ್ಟಿಗೆ ಬಂದಿತ್ತು. ತಂದೆಗೆ ಹತ್ತಿಯ ಕಂಪನಿಯೊಂದರಲ್ಲಿ ನೌಕರಿ. ಮಕ್ಕಳು ಓದಲೇಬೇಕು ಎಂಬುದು ತಾಯಿಯ ಹಟ.

ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಅವರು ಸುಡಾನಿನ ದೂರವಾಣಿ ಇಲಾಖೆ ಸೇರಿದರು. 1974ರಲ್ಲಿ ಹೆಚ್ಚಿನ ಓದಿಗೆ ಬ್ರಿಟನ್ನಿಗೆ ಹೋದರು. ಬ್ರಾಡ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ, ಬರ್ಮಿಂಗ್‌ಹ್ಯಾಮಿನಲ್ಲಿ ಮೊಬೈಲ್ ಸಂವಹನದ ಬಗ್ಗೆ ಡಾಕ್ಟರೇಟ್. ಆಗಿನ್ನೂ ಆ ವಿಷಯದಲ್ಲಿ ಆಸಕ್ತಿಯುಳ್ಳವರು ಬೆರಳೆಣಿಕೆಯಷ್ಟು ಮಂದಿ.

ಅವರ ಸಂಶೋಧನೆಯ ಪ್ರಶ್ನೆ ಸರಳ, ಉತ್ತರ ಮಾತ್ರ ಕಠಿಣ. ನಗರವೊಂದರಲ್ಲಿ ಟವರಿನಿಂದ ಹೊರಟ ರೇಡಿಯೊ ಅಲೆ ಯಾವ ಬೀದಿಯಲ್ಲಿ ಎಷ್ಟು ಕ್ಷೀಣಿಸುತ್ತದೆ? ಕಟ್ಟಡ ಅಡ್ಡ ಬಂದರೆ ಅಲೆ ಚದುರುತ್ತದೆ, ಗೋಡೆಗೆ ಬಡಿದು ತಿರುಗುತ್ತದೆ, ಮೂಲೆಯಲ್ಲಿ ಬಾಗುತ್ತದೆ. ಇಬ್ರಾಹಿಂ ಮತ್ತು ಅವರ ಮಾರ್ಗದರ್ಶಕ ಪಾರ್ಸನ್ಸ್ ಲಂಡನ್ನಿನಲ್ಲಿ ಅಳತೆಗಳನ್ನು ತೆಗೆದರು. ಊರನ್ನು 500 ಮೀಟರಿನ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಕಟ್ಟಡಗಳು ಎಷ್ಟು ಜಾಗ ಹಿಡಿದಿವೆ, ನೆಲ ಎಷ್ಟು ಏರಿದೆ ಎಂಬುದನ್ನು ಲೆಕ್ಕಕ್ಕೆ ತಂದರು. 1983ರಲ್ಲಿ ಪ್ರಕಟವಾದ ಆ ಸೂತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಇಬ್ರಾಹಿಂ–ಪಾರ್ಸನ್ಸ್ ಮಾದರಿ ಎಂದೇ ಇದೆ. ಟವರು ಎಲ್ಲಿ ನಿಲ್ಲಬೇಕು ಎಂಬುದನ್ನು ಅಂದಾಜಿನ ಮೇಲೆ ಬಿಡದೆ ಅಳೆದು ನಿರ್ಧರಿಸುವ ಪಾಠ ಅದು.

ದೊಡ್ಡ ಕಂಪನಿಯಿಂದ ಹೊರಗೆ

ಅದೇ 1983ರಲ್ಲಿ ಬ್ರಿಟಿಷ್ ಟೆಲಿಕಾಂ ಅವರನ್ನು ಕರೆದುಕೊಂಡಿತು. ಅದರ ಮೊಬೈಲ್ ಸಂಸ್ಥೆ ಸೆಲ್‌ನೆಟ್‌ಗೆ ಅವರು ತಾಂತ್ರಿಕ ನಿರ್ದೇಶಕರು. 1985ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊಬೈಲ್ ಸೇವೆ ಶುರುವಾಯಿತು. ಆಗಿನ ಫೋನುಗಳು ಬಹುಪಾಲು ಕಾರಿನಲ್ಲಿ ಕೂರಿಸುವಂಥವು; ಬೆಲೆ ಕೇಳಿಯೇ ಸಾಮಾನ್ಯರು ದೂರ ಸರಿಯುತ್ತಿದ್ದರು.

ಮೊಬೈಲ್ ಜಾಲದ ಒಳಗುಟ್ಟನ್ನು ಇಲ್ಲಿ ಒಂದಿಷ್ಟು ನೋಡಬೇಕು. ಒಂದೇ ದೊಡ್ಡ ಟವರಿನಿಂದ ಇಡೀ ಊರಿಗೆ ಸಿಗ್ನಲ್ ಕೊಟ್ಟರೆ ಇರುವ ತರಂಗಾಂತರಗಳಷ್ಟೇ ಜನ ಏಕಕಾಲಕ್ಕೆ ಮಾತಾಡಬಹುದು. ಊರನ್ನು ಜೇನುಗೂಡಿನ ಕಣಗಳಂತೆ ಹಂಚಿ, ಪ್ರತಿ ಕಣಕ್ಕೂ ಕಡಿಮೆ ಶಕ್ತಿಯ ಟವರು ಕೊಟ್ಟರೆ, ಸ್ವಲ್ಪ ದೂರದ ಇನ್ನೊಂದು ಕಣದಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು. ಬೆಲ್ ಲ್ಯಾಬ್ಸ್‌ನವರು 1947ರಲ್ಲೇ ಯೋಚಿಸಿದ ಉಪಾಯ ಇದು. ಗ್ರಾಹಕರು ಹೆಚ್ಚಿದಂತೆ ಕಣಗಳು ಕಿರಿದಾಗುತ್ತವೆ, ಟವರುಗಳು ಹೆಚ್ಚುತ್ತವೆ. ಅವು ಒಂದರ ಸಿಗ್ನಲ್‌ಗೆ ಇನ್ನೊಂದು ಅಡ್ಡಿಯಾಗದಂತೆ ಯೋಜಿಸುವುದೇ ನಿಜವಾದ ವಿದ್ಯೆ. ಇಬ್ರಾಹಿಂ ಪಳಗಿದ್ದು ಇದರಲ್ಲೇ.

ಆದರೆ ದೊಡ್ಡ ಕಂಪನಿಯ ನಿಧಾನಗತಿ ಅವರಿಗೆ ಒಗ್ಗಲಿಲ್ಲ. 1989ರಲ್ಲಿ ಕೆಲಸ ಬಿಟ್ಟು ಎಂಎಸ್‌ಐ ಎಂಬ ಸಲಹಾ ಸಂಸ್ಥೆ ತೆರೆದರು. ಯುರೋಪಿನಲ್ಲಿ ಡಿಜಿಟಲ್ ಮೊಬೈಲಿಗೆ ಲೈಸೆನ್ಸ್ ಸಿಕ್ಕ ಹೊಸ ಕಂಪನಿಗಳ ಕೈಯಲ್ಲಿ ಹಣವಿತ್ತು, ಜಾಲ ಕಟ್ಟುವ ಅನುಭವ ಇರಲಿಲ್ಲ. ಎಂಎಸ್‌ಐ ಆ ಕೆಲಸ ಮಾಡಿಕೊಟ್ಟಿತು. ಜಾಲ ಯೋಜಿಸಲು ಅದು ರೂಪಿಸಿದ ಪ್ಲಾನೆಟ್ ಎಂಬ ಸಾಫ್ಟ್‌ವೇರ್ ಹಲವು ದೇಶಗಳಲ್ಲಿ ಬಳಕೆಗೆ ಬಂತು. ಉದ್ಯೋಗಿಗಳಿಗೂ ಕಂಪನಿಯಲ್ಲಿ ಪಾಲು ಕೊಟ್ಟಿದ್ದರು. 2000ದಲ್ಲಿ ಮಾರ್ಕೋನಿ ಕಂಪನಿ ಎಂಎಸ್‌ಐಯನ್ನು 90 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. ಅಷ್ಟಕ್ಕೇ ನಿಂತಿದ್ದರೂ ಅದು ತುಂಬಿದ ವೃತ್ತಿಜೀವನವೇ. ಇಬ್ರಾಹಿಂ ಅಷ್ಟರಲ್ಲಾಗಲೇ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದರು.

ಯಾರಿಗೂ ಬೇಡವಾದ ಲೈಸೆನ್ಸ್

ತೊಂಬತ್ತರ ದಶಕದ ಕೊನೆಯಲ್ಲಿ ಆಫ್ರಿಕಾದ ಸರ್ಕಾರಗಳು ಮೊಬೈಲ್ ಲೈಸೆನ್ಸ್ ಕೊಡತೊಡಗಿದವು. ದೊಡ್ಡ ಕಂಪನಿಗಳು ಅತ್ತ ತಿರುಗಿ ನೋಡಲಿಲ್ಲ. ಇಬ್ರಾಹಿಂ ಒಂದು ಪ್ರಸಂಗವನ್ನು ಹಲವು ಬಾರಿ ಹೇಳಿದ್ದಾರೆ. ಉಗಾಂಡಾದ ಲೈಸೆನ್ಸ್ ಬಗ್ಗೆ ಪರಿಚಿತ ಅಧಿಕಾರಿಯೊಬ್ಬರ ಹತ್ತಿರ ಪ್ರಸ್ತಾಪಿಸಿದಾಗ, ಇದಿ ಅಮೀನ್‌ನಂಥ ಹುಚ್ಚ ಆಳುವ ದೇಶದಲ್ಲಿ ಹಣ ಹೂಡೋಣ ಎಂದು ತಮ್ಮ ಮಂಡಳಿಗೆ ಹೇಗೆ ಹೇಳಲಿ ಎಂದು ಅವರು ಕೇಳಿದರಂತೆ. ಅಮೀನ್ ಪದಚ್ಯುತನಾದದ್ದು 1979ರಲ್ಲಿ. ಹೂಡಿಕೆದಾರರ ಮನಸ್ಸಿನಲ್ಲಿದ್ದ ಆಫ್ರಿಕಾ ಸುಮಾರು ಎರಡು ದಶಕ ಹಳೆಯದಾಗಿತ್ತು.

2000ದಲ್ಲಿ ಬ್ರಿಟನ್ ಮೂರನೇ ತಲೆಮಾರಿನ ತರಂಗಾಂತರ ಹರಾಜು ಹಾಕಿದಾಗ ಕಂಪನಿಗಳು ಮುಗಿಬಿದ್ದು ಕೊಟ್ಟದ್ದು ಸುಮಾರು 2,250 ಕೋಟಿ ಪೌಂಡ್. ಮನೆ ಮನೆಯಲ್ಲೂ ಫೋನಿದ್ದ ದೇಶದಲ್ಲಿ ಇನ್ನೊಂದು ಸೇವೆಗೆ ಆ ಬೆಲೆ. ಕೋಟಿ ಕೋಟಿ ಜನರಿಗೆ ಒಂದು ಫೋನೂ ಇಲ್ಲದ ದೇಶಗಳ ಲೈಸೆನ್ಸಿಗೆ ಅದರ ಎಳ್ಳಷ್ಟು ಪಾಲನ್ನು ಕೊಡಲೂ ಮುಂದೆ ಬರುವವರಿರಲಿಲ್ಲ. ಬೇಡಿಕೆ ಎಲ್ಲಿ ಹೆಚ್ಚು ಎಂದು ಇಬ್ರಾಹಿಂ ಲೆಕ್ಕ ಹಾಕಿದರು. ಐದು ಕೋಟಿಗೂ ಹೆಚ್ಚು ಜನರ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಇದ್ದದ್ದು ಕೆಲವೇ ಸಾವಿರ ದೂರವಾಣಿ. ತಂತಿ ಎಳೆದು ಆ ದೇಶವನ್ನು ಜೋಡಿಸುವುದು ಆಗುಹೋಗುವ ಮಾತಲ್ಲ. ಟವರಿಗೆ ಮಾತ್ರ ಕಾಡು, ಹೊಳೆ, ಹದಗೆಟ್ಟ ರಸ್ತೆ ದಾಟಿ ಕೈಚಾಚುವ ಶಕ್ತಿಯಿತ್ತು.

1998ರಲ್ಲಿ ಎಂಎಸ್‌ಐನಿಂದ ಬೇರೆಯಾಗಿ ಹುಟ್ಟಿದ ಕಂಪನಿಯೇ ಮುಂದೆ ಸೆಲ್‌ಟೆಲ್ ಆಯಿತು. ಉಗಾಂಡಾ, ಮಲಾವಿ, ಜಾಂಬಿಯಾ, ಸಿಯೆರಾ ಲಿಯೋನ್, ಗ್ಯಾಬೊನ್, ಚಾಡ್, ನೈಜರ್, ಬುರ್ಕಿನಾ ಫಾಸೊ, ಎರಡೂ ಕಾಂಗೊಗಳು, ತಾಂಜಾನಿಯಾ – ಹೀಗೆ ಒಂದೊಂದಾಗಿ ದೇಶಗಳು ಸೇರಿಕೊಂಡವು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದ ಕಾರಣ ಬಹುಪಾಲು ಷೇರು ಬಂಡವಾಳದಲ್ಲೇ ಕಂಪನಿ ಬೆಳೆಯಬೇಕಾಯಿತು.

ಡೀಸೆಲ್, ಕಾವಲುಗಾರ, ಉಜ್ಜುವ ಕಾರ್ಡು

ಯುರೋಪಿನಲ್ಲಿ ಟವರು ಕಟ್ಟುವವರು ಕರೆಂಟು ಇದೆಯೇ ಎಂದು ಕೇಳುವುದಿಲ್ಲ. ಇಲ್ಲಿ ಟವರಿನ ಜೊತೆಗೆ ಜನರೇಟರು, ಅದು ಕೆಟ್ಟರೆ ಇನ್ನೊಂದು ಜನರೇಟರು, ಅವಕ್ಕೆ ಡೀಸೆಲ್ ಹೊತ್ತು ತರುವ ಲಾರಿ, ಲಾರಿ ಹೋಗಲು ದಾರಿ – ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳಬೇಕಿತ್ತು. ರಸ್ತೆಯೇ ಇಲ್ಲದ ಕಡೆ ಸಾಮಗ್ರಿಯನ್ನು ಹೆಲಿಕಾಪ್ಟರಿನಲ್ಲಿ ಇಳಿಸಿದ್ದೂ ಉಂಟು. ಟವರಿನ ಕಾವಲಿಗೆ ಅಲ್ಲಿಯವರನ್ನೇ ನೇಮಿಸಿದರೆ ಅದು ಊರಿನವರಿಗೂ ತಮ್ಮದೆನಿಸುತ್ತಿತ್ತು.

ಬಿಲ್ಲಿನದು ಇನ್ನೊಂದು ತೊಡಕು. ತಿಂಗಳ ಕೊನೆಗೆ ಬಿಲ್ಲು ಕಳಿಸೋಣವೆಂದರೆ ಗ್ರಾಹಕರಲ್ಲಿ ಬಹಳ ಮಂದಿಗೆ ಬ್ಯಾಂಕ್ ಖಾತೆ ಇಲ್ಲ, ಅಂಚೆಯವನು ಹುಡುಕಿ ಬರುವಂಥ ವಿಳಾಸವೂ ಇಲ್ಲ. ಮೊದಲು ಹಣ, ಆಮೇಲೆ ಮಾತು ಎಂಬ ಪ್ರೀಪೇಯ್ಡ್ ಪದ್ಧತಿ ಈ ಗಂಟನ್ನು ಬಿಚ್ಚಿತು. ನಾಣ್ಯದ ಅಂಚಿನಿಂದ ಉಜ್ಜಿದರೆ ಅಂಕಿ ಕಾಣುವ ಸ್ಕ್ರ್ಯಾಚ್ ಕಾರ್ಡನ್ನು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರಲು ಸಾವಿರಾರು ಸಣ್ಣ ವ್ಯಾಪಾರಿಗಳು ಸಿಕ್ಕರು. ನಮ್ಮಲ್ಲಿ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿಯ ರೀಚಾರ್ಜ್ ಮಾಡಿಸಿದವರಿಗೆ ಆ ವ್ಯವಹಾರದ ಬಲ ಗೊತ್ತು. ಕೈಯಲ್ಲಿ ಇರುವಷ್ಟೇ ಖರ್ಚು ಮಾಡಿ, ಸಾಲದ ಭಯವಿಲ್ಲದೆ, ಬಡವನೂ ಫೋನಿನ ಒಡೆಯನಾಗಬಹುದು.

ಬ್ಯಾಂಕು ಇಲ್ಲದ ಊರಿನಲ್ಲಿ ಫೋನೇ ಹಣ ಸಾಗಿಸಬಲ್ಲದು ಎಂಬುದನ್ನೂ ಸೆಲ್‌ಟೆಲ್ ಬೇಗನೆ ಕಂಡುಕೊಂಡಿತು. ಸೆಲ್‌ಪೇ ಎಂಬ ಪಾವತಿ ಸೇವೆಯನ್ನು ಜಾಂಬಿಯಾ ಮತ್ತು ಕಾಂಗೊದಲ್ಲಿ ಆರಂಭಿಸಿತು. ಕೀನ್ಯಾದ ಎಂ-ಪೆಸಾ ಜಗತ್ಪ್ರಸಿದ್ಧವಾದದ್ದು ಅದಕ್ಕೂ ಕೆಲವು ವರ್ಷಗಳ ಆನಂತರ, 2007ರಲ್ಲಿ.

ಮೂವತ್ತು ಸಾವಿರ ಡಾಲರಿನ ಗೆರೆ

ಇಬ್ರಾಹಿಂ ವೃತ್ತಿಜೀವನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಒಂದು ಆಡಳಿತ ನಿಯಮ. ಸೆಲ್‌ಟೆಲ್‌ನಲ್ಲಿ 30,000 ಡಾಲರಿಗೂ ಹೆಚ್ಚಿನ ಯಾವುದೇ ಪಾವತಿಯನ್ನು ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ ಯಾರೂ ಮಾಡುವಂತಿರಲಿಲ್ಲ. ಈ ಮಾತು ಸ್ವತಃ ಇಬ್ರಾಹಿಂ ಅವರಿಗೂ ಅನ್ವಯ. ಮಂಡಳಿಯಲ್ಲಿ ಬ್ರಿಟಿಷ್ ಟೆಲಿಕಾಂನ ಮಾಜಿ ಉನ್ನತಾಧಿಕಾರಿ ಅಲನ್ ರಡ್ಜ್ ಅವರಂಥ ಹಿರಿಯರಿದ್ದರು. ಅವರು ಹೆಸರು ಗಳಿಸಿದವರು. ಆ ಹೆಸರಿಗೆ ಮಸಿ ಹತ್ತಲು ಬಿಡುವವರಲ್ಲ.

ಈ ನಿಯಮ ಮೇಲ್ನೋಟಕ್ಕೆ ಕಾಗದದ ಕೆಲಸದಂತೆ ಕಾಣಬಹುದು. ಅದರ ಫಲ ಸಿಕ್ಕಿದ್ದು ಊರೂರಿನ ಕಚೇರಿಗಳಲ್ಲಿ. ದೂರದ ರಾಜಧಾನಿಯೊಂದರಲ್ಲಿ ಕಂಪನಿಯ ಮ್ಯಾನೇಜರ್ ಒಬ್ಬನೇ ಕೂತಿದ್ದಾನೆ ಎಂದುಕೊಳ್ಳಿ. ಎದುರಿಗೆ ಫೈಲಿನ ಮೇಲೆ ಕೈ ಊರಿದ ಅಧಿಕಾರಿ. ಮಾತು ಸುತ್ತಿ ಬಳಸಿ ಹಣದ ಹತ್ತಿರ ಬರುತ್ತದೆ. ಆಗ ಆ ಮ್ಯಾನೇಜರ್, ಇದು ನನ್ನ ಕೈಯಲ್ಲಿಲ್ಲ, ಮಂಡಳಿಯ ಮುಂದೆ ಹೋಗಬೇಕು, ಯಾವ ಬಾಬ್ತಿಗೆ ಎಂದು ಬರೆಯಬೇಕು ಎನ್ನಬಹುದು. ಬರೆಯಬೇಕು ಎಂದ ಕೂಡಲೇ ಲಂಚದ ಮಾತು ಮುಗಿಯುತ್ತದೆ. ಪ್ರಾಮಾಣಿಕವಾಗಿರಲು ಬಯಸುವ ಕೆಳಗಿನ ನೌಕರನಿಗೆ ಸಂಸ್ಥೆಯೇ ಗುರಾಣಿ ಹಿಡಿದು ನಿಂತಿತ್ತು. ನೀತಿಬೋಧೆ ಮಾಡಿ ಕೈತೊಳೆದುಕೊಂಡು, ಕಷ್ಟದ ಗಳಿಗೆಯಲ್ಲಿ ನೌಕರನನ್ನು ಒಬ್ಬನೇ ಬಿಡುವ ಸಂಸ್ಥೆಗಳೇ ಹೆಚ್ಚಿರುವಾಗ ಇದರ ಬೆಲೆ ಅರಿವಾಗುತ್ತದೆ.

ಪ್ರಾಮಾಣಿಕತೆ ವ್ಯಾಪಾರಕ್ಕೆ ಭಾರವಾಗಲಿಲ್ಲ. 2004ರ ಹೊತ್ತಿಗೆ ಸೆಲ್‌ಟೆಲ್ 13 ದೇಶಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಪಡೆದಿತ್ತು. 2005ರಲ್ಲಿ ಕುವೈತಿನ ಎಂಟಿಸಿ ಅದನ್ನು 340 ಕೋಟಿ ಡಾಲರಿಗೆ ಕೊಂಡಿತು. ಲೆಕ್ಕಪತ್ರ ಸ್ವಚ್ಛವಾಗಿದ್ದುದರಿಂದಲೇ ಕೊಳ್ಳುವವರು ಹಿಂಜರಿಯಲಿಲ್ಲ. ಷೇರು ಹೊಂದಿದ್ದ ಸುಮಾರು ನೂರು ಉದ್ಯೋಗಿಗಳು ಆ ಮಾರಾಟದಿಂದ ಡಾಲರ್ ಲೆಕ್ಕದಲ್ಲಿ ಲಕ್ಷಾಧೀಶರಾದರು ಎಂದು ವರದಿಯಾಯಿತು.

ಸಜ್ಜೆಯ ಸಂತೆ, ಬೂತಾಯಿಯ ದಕ್ಕೆ

ಟವರು ಬಂದದ್ದರಿಂದ ಜನರಿಗೇನಾಯಿತು? ನೈಜರ್ ದೇಶದಲ್ಲಿ ಇದಕ್ಕೆ ಅಳತೆಯ ಉತ್ತರವಿದೆ. ಅಲ್ಲಿ ಸೆಲ್‌ಟೆಲ್ ಸೇವೆ 2001ರಲ್ಲಿ ಆರಂಭವಾಯಿತು. ಸಜ್ಜೆಯೇ ಆ ದೇಶದ ಅನ್ನ. ಒಂದು ಸಂತೆಯಲ್ಲಿ ಧಾನ್ಯ ತುಟ್ಟಿ, ನೂರಾರು ಕಿಲೋಮೀಟರ್ ಆಚೆ ಅಗ್ಗ. ಎಲ್ಲಿ ಎಷ್ಟೆಂದು ತಿಳಿಯಲು ವ್ಯಾಪಾರಿ ಸ್ವತಃ ಹೋಗಿಯೇ ನೋಡಬೇಕಿತ್ತು. ಮೊಬೈಲ್ ಬಂದ ಮೇಲೆ ಸಂತೆಯಿಂದ ಸಂತೆಗಿದ್ದ ಬೆಲೆಯ ಅಂತರ 10ರಿಂದ 16 ಶೇಕಡ ತಗ್ಗಿತು ಎಂದು ಅರ್ಥಶಾಸ್ತ್ರಜ್ಞೆ ಜೆನ್ನಿ ಏಕರ್ 2010ರಲ್ಲಿ ತೋರಿಸಿಕೊಟ್ಟರು.

ನಮ್ಮ ಕರಾವಳಿಯ ಪಕ್ಕದಲ್ಲೇ ಇಂಥ ಇನ್ನೊಂದು ಅಧ್ಯಯನ ನಡೆದಿದೆ. ಕನ್ನಡಿಗರೂ ಬಾಳುವ ಕಾಸರಗೋಡು ಮತ್ತು ಅದರ ದಕ್ಷಿಣದ ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಹಂತ ಹಂತವಾಗಿ ಬಂತು. ಅದಕ್ಕೆ ಮುಂಚೆ ಒಂದು ದಕ್ಕೆಯಲ್ಲಿ ಬೂತಾಯಿ ಕೊಳ್ಳುವವರಿಲ್ಲದೆ ಸಮುದ್ರಕ್ಕೆ ಸುರಿಯುವ ದಿನವೇ ಹತ್ತಿರದ ಇನ್ನೊಂದು ದಕ್ಕೆಯಲ್ಲಿ ಮೀನಿಲ್ಲದೆ ಗಿರಾಕಿಗಳು ಬರಿಗೈಯಲ್ಲಿ ಮರಳುತ್ತಿದ್ದರು. ದೋಣಿಯಿಂದಲೇ ಕರೆ ಮಾಡಿ ದರ ವಿಚಾರಿಸುವಂತಾದಾಗ ಆ ವ್ಯರ್ಥ ನಿಂತಿತು. ಮೀನುಗಾರರ ಲಾಭ ಸುಮಾರು 8 ಶೇಕಡ ಏರಿತು, ಕೊಳ್ಳುವವರಿಗೆ ಬೆಲೆ ಸುಮಾರು 4 ಶೇಕಡ ಇಳಿಯಿತು ಎಂದು ರಾಬರ್ಟ್ ಜೆನ್ಸನ್ ದಾಖಲಿಸಿದರು. ಇಬ್ರಾಹಿಂ ಯಾರಿಗೂ ಬೇಡವಾದ ಲೈಸೆನ್ಸುಗಳಲ್ಲಿ ಕಂಡಿದ್ದು ಇದನ್ನೇ: ಬಡವರಿಗೆ ಮಾತು ಹೊಟ್ಟೆಪಾಡಿನ ಸಾಧನ.

ಬೋರ್ಡು ಬದಲಾದಾಗ

ಸೆಲ್‌ಟೆಲ್ ಕತೆ ಕೊನೆಗೆ ನಮ್ಮ ದೇಶವನ್ನೂ ಮುಟ್ಟಿತು. ಎಂಟಿಸಿ ತನ್ನ ಹೆಸರನ್ನು ಜೈನ್ ಎಂದು ಬದಲಿಸಿಕೊಂಡಿತು; 2010ರಲ್ಲಿ ಜೈನ್‌ನ 15 ಆಫ್ರಿಕನ್ ದೇಶಗಳ ಉದ್ಯಮವನ್ನು ಸುನಿಲ್ ಮಿತ್ತಲ್ ಅವರ ಭಾರ್ತಿ ಏರ್‌ಟೆಲ್ 1,070 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಕಂಪಾಲಾದ, ಲುಸಾಕಾದ ಅಂಗಡಿಗಳ ಮೇಲೆ ಸೆಲ್‌ಟೆಲ್ ಎಂದಿದ್ದ ಬೋರ್ಡು ಜೈನ್ ಆಗಿ, ಆಮೇಲೆ ಏರ್‌ಟೆಲ್ ಆಯಿತು. 1999ರಲ್ಲಿ ಜೆಟಿ ಮೊಬೈಲ್ಸ್ ಮೂಲಕ ಕರ್ನಾಟಕ ಮತ್ತು ಆಂಧ್ರಕ್ಕೆ ಕಾಲಿಟ್ಟ ಅದೇ ಭಾರ್ತಿ. ಮೊದಲ ವರ್ಷಗಳಲ್ಲಿ ಆಫ್ರಿಕಾ ಅದಕ್ಕೆ ನಷ್ಟ ತಂದಿತು. ಭಾರತದಲ್ಲಿ ಗೆದ್ದ ಅಗ್ಗದ ದರದ ಸೂತ್ರ ಅಲ್ಲಿ ಹಾಗೆಯೇ ನಡೆಯಲಿಲ್ಲ. ಆದರೂ ಅದು ಕೈಬಿಡಲಿಲ್ಲ. 2019ರಲ್ಲಿ ಏರ್‌ಟೆಲ್ ಆಫ್ರಿಕಾ ಲಂಡನ್ ಷೇರುಪೇಟೆ ಸೇರಿತು.

ಕುರ್ಚಿ ಬಿಟ್ಟವರಿಗೆ ಮನ್ನಣೆ

ಹಣ ಕೈಗೆ ಬಂದ ಮೇಲೆ ಇಬ್ರಾಹಿಂ ಆಸ್ಪತ್ರೆ, ಶಾಲೆಗಳಿಗೆ ದಾನ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಆಫ್ರಿಕಾದ ಬಡತನಕ್ಕೆ ಕೆಟ್ಟ ಆಳ್ವಿಕೆಯೇ ಬೇರು ಎಂದು ಅವರು ಬಗೆದಿದ್ದರು. 2006ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. ಮರುವರ್ಷದಿಂದ ಅದು ಆಫ್ರಿಕನ್ ದೇಶಗಳ ಆಡಳಿತವನ್ನು ಅಂಕಿಗಳಲ್ಲಿ ಅಳೆಯುವ ಸೂಚ್ಯಂಕ ಹೊರತರುತ್ತಿದೆ: ಕಾನೂನು, ಸುರಕ್ಷತೆ, ಆರೋಗ್ಯ, ಶಿಕ್ಷಣ, ಜನರ ಪಾಲ್ಗೊಳ್ಳುವಿಕೆ. ಲಂಡನ್ನಿನ ಬೀದಿಗಳಲ್ಲಿ ಸಿಗ್ನಲ್ ಅಳೆದ ಎಂಜಿನಿಯರ್ ಈಗ ಸರ್ಕಾರಗಳನ್ನು ಅಳೆಯಲು ಕುಳಿತರು.

ಜೊತೆಗೆ ಒಂದು ಬಹುಮಾನ. ಚುನಾವಣೆಯಲ್ಲಿ ಗೆದ್ದು, ಒಳ್ಳೆಯ ಆಡಳಿತ ಕೊಟ್ಟು, ಸಂವಿಧಾನ ಹೇಳಿದ ಅವಧಿ ಮುಗಿದಾಗ ಅಧಿಕಾರ ಬಿಟ್ಟಿಳಿದ ನಾಯಕರಿಗೆ 10 ವರ್ಷಗಳಲ್ಲಿ 50 ಲಕ್ಷ ಡಾಲರ್, ಆಮೇಲೆ ಜೀವನಪೂರ್ತಿ ವರ್ಷಕ್ಕೆ 2 ಲಕ್ಷ ಡಾಲರ್. 2007ರಲ್ಲಿ ಮೊದಲು ಪಡೆದವರು ಮೊಜಾಂಬಿಕ್‌ನ ಜೊವಾಕಿಂ ಚಿಸಾನೊ. ಮರುವರ್ಷ ಬೋಟ್ಸ್ವಾನಾದ ಫೆಸ್ಟಸ್ ಮೊಗೆ. ಮುಂದೆ ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್. ಪ್ರಾಮಾಣಿಕರಾಗಿರಲು ನಾಯಕರಿಗೆ ಹಣ ಕೊಡಬೇಕೇ ಎಂದು ಟೀಕಿಸಿದವರಿದ್ದಾರೆ. ಕುರ್ಚಿ ಬಿಟ್ಟರೆ ಬದುಕೇ ಇಲ್ಲ ಎಂಬ ಭಯವೂ ನಾಯಕರನ್ನು ಕುರ್ಚಿಗೆ ಅಂಟಿಸುತ್ತದೆ ಎಂಬುದನ್ನು ಆ ಟೀಕಾಕಾರರು ಗಮನಿಸಬೇಕು. ಬಹುಮಾನಕ್ಕೆ ಇನ್ನೊಂದು ಘನತೆಯೂ ಇದೆ. 2009, 2010, 2012, 2013 ಹೀಗೆ ಹಲವು ವರ್ಷ ಅರ್ಹರು ಸಿಗಲಿಲ್ಲವೆಂದು ಅದನ್ನು ಯಾರಿಗೂ ಕೊಡಲಿಲ್ಲ. ಯಾರಿಗಾದರೂ ಕೊಟ್ಟು ಸಮಾರಂಭ ಮುಗಿಸುವ ಜಗತ್ತಿನಲ್ಲಿ, ಕೊಡದೆ ಇರುವುದೂ ಒಂದು ತೀರ್ಪು.

ನಮಗೇಕೆ ಈ ಕತೆ

ತರಂಗಾಂತರ ಕಣ್ಣಿಗೆ ಕಾಣದ ಸಾರ್ವಜನಿಕ ಆಸ್ತಿ. ಕೆರೆಯ ಒತ್ತುವರಿ ಕಣ್ಣಿಗೆ ಬೀಳುತ್ತದೆ. ಅಲೆಗಳ ಹಂಚಿಕೆಯಲ್ಲಿ ಆದ ಅನ್ಯಾಯ ಕಡತದಲ್ಲಷ್ಟೇ ಇರುತ್ತದೆ. ಭಾರತದಲ್ಲಿ 2008ರಲ್ಲಿ ಕೊಟ್ಟ 122 ಲೈಸೆನ್ಸುಗಳನ್ನು 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆ ಹಂಚಿಕೆಯ ಪ್ರಕರಣದ ಆರೋಪಿಗಳನ್ನು ಖುಲಾಸೆಗೊಳಿಸಿತು. ವ್ಯಕ್ತಿಗಳ ಅಪರಾಧ ಸಾಬೀತಾಗದಿದ್ದರೂ ಹಂಚಿಕೆಯ ಕ್ರಮವೇ ಸಂಶಯಕ್ಕೆ ಎಡೆಯಾದರೆ ಒಂದು ಉದ್ಯಮ ಎಷ್ಟು ವರ್ಷ ನರಳುತ್ತದೆ ಎಂಬುದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಲೈಸೆನ್ಸ್ ಪಡೆದ ಕಂಪನಿ ಮುಚ್ಚಿತು, ಹಣ ಹೂಡಿದವರು ಹೊರಟರು, ಕೆಲಸ ನಂಬಿ ಬಂದವರು ಬೀದಿಗೆ ಬಿದ್ದರು.

ವ್ಯವಸ್ಥೆಯೇ ಹೀಗೆ, ನಾವೇನು ಮಾಡಲು ಸಾಧ್ಯ ಎಂಬ ಮಾತನ್ನು ನಮ್ಮ ಕಚೇರಿಗಳಲ್ಲೂ, ಮನೆಗಳಲ್ಲೂ ದಿನವೂ ಕೇಳುತ್ತೇವೆ. ಆ ಮಾತು ಸೋಲನ್ನು ಮೊದಲೇ ಒಪ್ಪಿಕೊಂಡದ್ದು. ಯುದ್ಧ ನಡೆಯುತ್ತಿದ್ದ, ರಸ್ತೆಯೂ ಕರೆಂಟೂ ಇಲ್ಲದಿದ್ದ ದೇಶಗಳಲ್ಲಿ ಒಂದು ಕಂಪನಿ ನೇರ ದಾರಿಯಲ್ಲಿ ನಡೆದು ಲಾಭವನ್ನೂ ಮಾಡಿತು ಎಂದ ಮೇಲೆ, ರಸ್ತೆ, ಕರೆಂಟು, ನ್ಯಾಯಾಲಯ ಎಲ್ಲವೂ ಇರುವ ನಮಗೆ ಆ ನೆಪ ಒಪ್ಪುವುದಿಲ್ಲ. ಹೊಸ ಉದ್ಯಮ ಕಟ್ಟಲು ಹೊರಟ ಬೆಂಗಳೂರಿನ, ಹುಬ್ಬಳ್ಳಿಯ, ಮಂಗಳೂರಿನ ಯುವಕ ಯುವತಿಯರು ಇಬ್ರಾಹಿಂ ಅವರಿಂದ ಎರವಲು ಪಡೆಯಬೇಕಾದದ್ದು ಅವರ ಕೋಟಿಗಳ ಲೆಕ್ಕವನ್ನಲ್ಲ, ಆ 30,000 ಡಾಲರಿನ ನಿಯಮವನ್ನು. ಮೊದಲ ನೌಕರನನ್ನು ನೇಮಿಸುವ ದಿನವೇ ಅಂಥದ್ದೊಂದು ನಿಯಮ ಬರೆದಿಟ್ಟು, ಅದಕ್ಕೆ ಮಾಲೀಕರೂ ತಲೆಬಾಗಿದರೆ, ಉಳಿದ ಕಷ್ಟಗಳನ್ನು ಎದುರಿಸಲು ಎಂಜಿನಿಯರುಗಳಿದ್ದಾರೆ.